ನಿರ್ವಾಣಕ್ಕೂ ವಯಸ್ಸಾಯಿತು

ಮೊನ್ನೆ ಬೆಳಿಗ್ಗೆ ರೇಡಿಯೊದವರು ನನ್ನನ್ನು ಮುದುಕ ಎಂದು ಘೋಷಿಸಿದರು. ನೇರವಾಗಿ ಹೇಳಲಿಲ್ಲ ಬಿಡಿ, ಅಷ್ಟು ಮರ್ಯಾದೆ ಉಳಿದಿದೆ. ಅಮೆರಿಕದ ರಾಕ್ ಬ್ಯಾಂಡ್ ನಿರ್ವಾಣದ 1991ರ ಹಾಡೊಂದನ್ನು ಹಾಕಿ 'ಕ್ಲಾಸಿಕ್ ರಾಕ್' ಎಂದರು, ಅಷ್ಟೇ. ಅದರ ಮೇಲೆ ಆ ಆರ್‌ಜೆ ಹುಡುಗಿ, "ನಮ್ಮಪ್ಪ ಕಾಲೇಜಲ್ಲಿ ಇದನ್ನೇ ಕೇಳ್ತಿದ್ರಂತೆ" ಎಂದು ನಕ್ಕಳು. ಅವಳಪ್ಪನಿಗೆ ನನ್ನ ನಮಸ್ಕಾರ.

ನನಗೆ ಆಗ 17. ಮನೆಯಲ್ಲಿ ಆ ಹಾಡಿಗೆ ಇದ್ದ ಹೆಸರು 'ಗಲಾಟೆ'. ಗಲಾಟೆ ಕ್ಲಾಸಿಕ್ ಆಗಬೇಕಾದರೆ ಯಾರೂ ಏನೂ ಮಾಡಬೇಕಾಗಿಲ್ಲ ನೋಡಿ, ಸುಮ್ನೆ ಕೂತರೆ ಸಾಕು. ಬ್ಯಾಂಡಿನ ಹೆಸರಿಗಾದರೂ ಹುಟ್ಟುಸಾವಿನಿಂದ ಬಿಡುಗಡೆ ಅಂತ ಅರ್ಥ. ರೇಡಿಯೊದಿಂದ ಬಿಡುಗಡೆ ಮಾತ್ರ ಅದಕ್ಕೂ ಸಿಗಲಿಲ್ಲ. ತಲೆಕೆಟ್ಟು ಒಂದು ಲೆಕ್ಕ ಬೇರೆ ಹಾಕಿಬಿಟ್ಟೆ. ಆ ಹಾಡು ಈಗ ಎಷ್ಟು ಹಳೆಯದೋ, 1991ರಿಂದ ಅಷ್ಟೇ ಹಿಂದಕ್ಕೆ ಹೋದರೆ 50ರ ದಶಕದ ರಾಕ್ ಗಾಯಕ ಎಲ್ವಿಸ್ ಪ್ರೆಸ್ಲಿ ಸಿಗುತ್ತಾನೆ. ನನ್ನ 17ರಲ್ಲಿ ಎಲ್ವಿಸ್ ಅಂದರೆ ನನಗೆ ಶಿಲಾಶಾಸನ. ಲೆಕ್ಕ ಹಾಕಬಾರದಿತ್ತು.

ರೇಡಿಯೊದವರ ಭಾಷೆಯೇ ಚಂದ. ಹೊಸ ಹಾಡು 'ಕರೆಂಟ್'. ಕೆಲವು ತಿಂಗಳಾದ ಮೇಲೆ 'ರಿಕರೆಂಟ್'. ಪೂರ್ತಿ ಹಳತಾದರೆ 'ಗೋಲ್ಡ್'. ನಮ್ಮ ಕಾಲದ ಹಾಡುಗಳಿಗೆ ಕರೆಂಟ್ ಹೋಗಿ ಬಹಳ ವರ್ಷವಾಯಿತು, ಈಗ ಕತ್ತಲಲ್ಲಿ ಕೂರಿಸಿ ಚಿನ್ನ ಅಂತ ಸಮಾಧಾನ ಮಾಡುತ್ತಿದ್ದಾರೆ. ಅಮೆರಿಕದಲ್ಲಿ ಮೊದಲು 'ಓಲ್ಡೀಸ್' ಸ್ಟೇಷನ್‌ಗಳಿದ್ದವು. 50ರ, 60ರ ದಶಕದ ಹಾಡು ಹಾಕುತ್ತಿದ್ದವು. ಓಲ್ಡ್ ಅನ್ನುವ ಪದ ಜಾಹೀರಾತು ಕೊಡುವವರಿಗೆ ಹಿಡಿಸಲ್ಲ ಅಲ್ವಾ? ಎಷ್ಟೋ ಸ್ಟೇಷನ್‌ಗಳು 'ಕ್ಲಾಸಿಕ್ ಹಿಟ್ಸ್' ಎಂದು ಬೋರ್ಡು ಬದಲಾಯಿಸಿದವು. ಬೋರ್ಡಿನ ಜೊತೆಗೇ 50ರ ದಶಕದ ಹಾಡುಗಳನ್ನೂ ಆಚೆ ಹಾಕಿದವು, ಆಮೇಲೆ 60ರದ್ದನ್ನೂ. ಅದನ್ನು ಕೇಳುತ್ತಿದ್ದವರು ಎಲ್ಲಿಗೆ ಹೋದರು ಅಂತ ಯಾರೂ ವಿಚಾರಿಸಲಿಲ್ಲ.

ಇನ್ನು ಹಾಡು ಆರಿಸುವ ಪರೀಕ್ಷೆ. ಅದರ ಬಗ್ಗೆ ಹೇಳದಿದ್ದರೆ ನನಗೆ ನಿದ್ದೆ ಬರಲ್ಲ. ಒಂದು ಸಭಾಂಗಣದಲ್ಲಿ ತಮಗೆ ಬೇಕಾದ ವಯಸ್ಸಿನ ಜನರನ್ನು ಕೂರಿಸುತ್ತಾರೆ. ನೂರಾರು ಹಾಡುಗಳ 'ಹುಕ್', ಅಂದರೆ ಥಟ್ಟನೆ ಗುರುತು ಸಿಗುವ ತುಣುಕು, ಕೇಳಿಸುತ್ತಾರೆ, ಒಂದೊಂದು 5ರಿಂದ 10 ಸೆಕೆಂಡ್. ಹುಕ್ ಅಂದರೆ ಗಾಳ, ಹೆಸರಿನಲ್ಲಾದರೂ ಮೋಸವಿಲ್ಲ. ಜನ ಅಂಕ ಕೊಡುತ್ತಾ ಹೋಗುತ್ತಾರೆ. ಪಾಸಾದ ಹಾಡು ದಿನಾ ಬರುತ್ತದೆ. ಫೇಲಾದದ್ದು ಹುಟ್ಟೇ ಇಲ್ಲ. ಮೊದಲ ನಿಮಿಷ ಸುಮ್ಮನಿದ್ದು ಎರಡನೇ ನಿಮಿಷದಲ್ಲಿ ಎದೆಗೆ ನಾಟುವ ಹಾಡುಗಳಿರುತ್ತವಲ್ಲ, ಅವು 10 ಸೆಕೆಂಡಿನಲ್ಲಿ ಏನು ಮಾಡಬೇಕು, ಹಲ್ಲು ಕಿರಿಯಬೇಕಾ?

ತಮಾಷೆಯಾಗಿ ಬರೆಯೋಣ ಅಂತಲೇ ಕೂತಿದ್ದೆ, ಆಗುತ್ತಿಲ್ಲ. ಹಳೆಯದು ಅನ್ನಿಸಿಕೊಂಡಿದ್ದಕ್ಕೆ ನನಗೆ ಬೇಜಾರಿಲ್ಲ. ಮಂಡಿ ದಿನಾ ಹೇಳುತ್ತದೆ, ರೇಡಿಯೊ ಹೇಳಬೇಕಾಗಿಲ್ಲ. ಆದರೆ ರಾತ್ರಿಯೆಲ್ಲಾ ಕೂತು ಕ್ಯಾಸೆಟ್ ತಿರುಗಿಸಿ ತಿರುಗಿಸಿ ಕೇಳಿದ ನೂರಾರು ಹಾಡುಗಳಿದ್ದವು. ಅವನ್ನೆಲ್ಲ ತೆಗೆದುಹಾಕಿ ಒಂದು ಹಿಡಿ ಹಾಡು ಉಳಿಸಿ, ಅದನ್ನೇ ಬೆಳಿಗ್ಗೆ ಸಂಜೆ ಹಾಕಿ, ಇದೇ ನಿನ್ನ ಯೌವನ ತಗೋ ಅಂತಾರೆ. ಇದಲ್ಲ ಕಣ್ರೀ. ನಾವು ಕೇಳಿದ್ದು ಇಷ್ಟೇ ಅಲ್ಲ.

ಹೇಳಿ ಏನು ಪ್ರಯೋಜನ. ಅಮೆರಿಕದ ರೇಡಿಯೊ ಜಾಹೀರಾತಿನವರಿಗೆ ಬೇಕಾದ ಮನುಷ್ಯನ ವಯಸ್ಸು 25ರಿಂದ 54. ನನಗೀಗ 51, ಆ ಲೆಕ್ಕದಲ್ಲಿ ಇನ್ನು ನಾಲ್ಕು ವರ್ಷ ನಾನು ಮನುಷ್ಯ. ನಿರ್ವಾಣದ ಆ ಹಾಡು ಹಾಡಿದ ಕರ್ಟ್ ಕೋಬೇನ್ ಜಾಣ, 1994ರಲ್ಲೇ ಹೊರಟುಹೋದ. ಅವನಿಗೆ ಇವತ್ತಿಗೂ 27. ಪಕ್ಕಾ ಗಿರಾಕಿ.