ಅರ್ಧ ಕ್ಯಾನಿನ ಬಾಕಿ

ಕನ್ಯಾಕುಮಾರಿಗೆ ಹೋಗಿ ಬಂದು ಚಳಿಗಾಲ ಮುಗಿಯಿತು, ಈ ವರ್ಷದ ಉಪ್ಪಿನಕಾಯಿ ಹಾಕಿಯೂ ಆಯಿತು. ಭಾವನ ಲೆಕ್ಕ ಮಾತ್ರ ಇನ್ನೂ ಮುಗಿದಿಲ್ಲ. ಇವತ್ತು ಬೆಳಿಗ್ಗೆ ಮನೆಯವರ ವಾಟ್ಸಾಪ್ ಗ್ರೂಪಿಗೆ ಎಕ್ಸೆಲ್ ಹಾಳೆ ಮತ್ತೆ ಬಂತು. ಹೆಸರು ‘ಫೈನಲ್ ಫೈನಲ್ ಹೊಸದು’. ಕೆಳಗೆ ಕೆಂಪಕ್ಷರದಲ್ಲಿ: ಡೀಸೆಲ್ ಕ್ಯಾನ್, ಪುಣೆಯವರ ಪಾಲು, 75 ರೂಪಾಯಿ ಬಾಕಿ. ಪುಣೆಯವರು ಅಂದರೆ ನಾವು. ಕೋಥ್ರೂಡಿನಲ್ಲಿ ಮನೆ ಇದೆ ಅನ್ನೋ ಒಂದೇ ಕಾರಣಕ್ಕೆ ಸ್ವಂತ ಅಕ್ಕನ ಗಂಡನ ಹಾಳೆಯಲ್ಲಿ ನಾನೊಂದು ಊರಾಗಿಬಿಟ್ಟಿದ್ದೇನೆ.

ಕ್ಯಾರವಾನ್ ಬಾಡಿಗೆಗೆ ತಗೊಳ್ಳೋಣ ಅಂದಿದ್ದೂ ಅವರೇ. ಮುಂಬೈ ಹತ್ತಿರದ ಡೊಂಬಿವಲಿಯ ತಮ್ಮ ಮನೆಯಲ್ಲಿ ಕೂತು, ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಕೈಗೆ ಸಿಕ್ಕ ಸಮಯವನ್ನೆಲ್ಲ ಇದಕ್ಕೇ ಸುರಿದು, ‘ಹೋಟೆಲ್ ಖರ್ಚು ಪೂರ್ತಿ ಉಳಿಯುತ್ತೆ’ ಅಂತ ಸಾಬೀತು ಮಾಡಿದ್ದರು. ಗಾಡಿ ನಮ್ಮ ಪುಣೆಯ ಆಕುರ್ಡಿಯ ಫೋರ್ಸ್ ಮೋಟಾರ್ಸ್ ಕಂಪನಿಯ ಟ್ರಾವೆಲರ್. ಆ ಕಂಪನಿ 2005ರವರೆಗೆ ಬಜಾಜ್ ಟೆಂಪೋ ಆಗಿತ್ತಲ್ವಾ, ಹಾಗಾಗಿ ಎಷ್ಟೇ ಕ್ಯಾರವಾನ್ ಅಂದರೂ ಅಕ್ಕ ಕೊನೆಯವರೆಗೂ ‘ಟೆಂಪೋ’ ಅಂತಲೇ ಕರೆದಳು. ಒಳಗೆ ಹಾಸಿಗೆ ಆಗೋ ಸೋಫಾ, ಗ್ಯಾಸ್ ಒಲೆ, ಪುಟ್ಟ ಸಿಂಕು, ಬಾಗಿಲು ಹಾಕಿಕೊಂಡರೆ ಮೊಣಕೈ ಮಡಚಲಾಗದ ಟಾಯ್ಲೆಟ್ಟು. ಜೊತೆಗೆ ಸಾತಾರಾ ಕಡೆಯ ಡ್ರೈವರ್.

ಮೊದಲ ಪೆಟ್ಟು ಖೇಡ್ ಶಿವಾಪುರದ ಟೋಲಿನಲ್ಲೇ ಬಿತ್ತು. ಭಾವ ತಮ್ಮ ಕಾರಿಗೆ 3,000 ರೂಪಾಯಿ ಕೊಟ್ಟು ಫಾಸ್ಟ್ಯಾಗ್ ವಾರ್ಷಿಕ ಪಾಸ್ ಮಾಡಿಸಿದ್ದಾರೆ, 200 ಟೋಲ್ ದಾಟಬಹುದು. ಆದರೆ ಅದು ಸ್ವಂತ ಬಳಕೆಯ ಕಾರು, ಜೀಪು, ವ್ಯಾನುಗಳಿಗೆ ಮಾತ್ರ. ನಮ್ಮದೋ ಹಳದಿ ಬೋರ್ಡಿನ ಬಾಡಿಗೆ ಗಾಡಿ, ಮೇಲಾಗಿ ಕಾರಿಗಿಂತ ಜಾಸ್ತಿ ದರ. ಆನೇವಾಡಿ, ತಾಸವಡೆ, ಕಿಣಿ, ಕೊಗನೊಳ್ಳಿ, ಹತ್ತರಗಿ, ಪ್ರತಿ ಟೋಲಿನಲ್ಲೂ ‘ಟಿಂಗ್’ ಅಂತ ಮೆಸೇಜ್ ಬಂದಾಗ ಭಾವ ಕಣ್ಣು ಮುಚ್ಚಿಕೊಳ್ಳೋರು. ಕಾರಿನ ಸ್ಟಿಕರ್ ಕಿತ್ತು ಇದಕ್ಕೆ ಅಂಟಿಸಿದರೆ ಏನಾಗುತ್ತೆ ಅಂತ ಡ್ರೈವರನ್ನು ಮೆಲ್ಲಗೆ ಕೇಳಿಯೂ ನೋಡಿದರು.

ಹೋಟೆಲ್ ಉಳಿತಾಯದ ಕಥೆ ಕೇಳಿ. ರಾತ್ರಿ ಗಾಡಿ ಎಲ್ಲಿ ನಿಲ್ಲಿಸೋದು? ಪೆಟ್ರೋಲ್ ಬಂಕಿನಲ್ಲಿ ಲಾರಿಗಳ ನಡುವೆ ಮಲಗಿದರೆ ಎಂಜಿನ್ ಸದ್ದಿಗೆ ನಿದ್ದೆ ಬರಲ್ಲ. ಎಸಿ ಬೇಕು ಅಂದರೆ ಹೊರಗಿನಿಂದ ಕರೆಂಟ್ ಎಳೆಯಬೇಕು, ಬ್ಯಾಟರಿಯ ಮೇಲೆ ಅದು ಎಷ್ಟು ಹೊತ್ತು ಓಡೀತು? ಕೊನೆಗೆ ಹೋಟೆಲ್ಲಿನವರಿಗೇ ದುಡ್ಡು ಕೊಟ್ಟು ಅವರ ಅಂಗಳದಲ್ಲಿ ನಿಲ್ಲಿಸಿ, ಕರೆಂಟಿಗೆ ಬೇರೆ ಕೊಟ್ಟು, ಸ್ನಾನಕ್ಕೆ ಅಂತ ಒಂದು ರೂಮನ್ನೂ ತಗೊಂಡೆವು. ರೂಮ್ ತಗೊಂಡ ಮೇಲೆ ಯಾರಾದರೂ ಟೆಂಪೋದಲ್ಲಿ ಮಲಗ್ತಾರಾ? ಭಾವ ಮಲಗಿದರು. ‘ದುಡ್ಡು ಕೊಟ್ಟಿದ್ದೀವಲ್ಲ’ ಅಂತ.

ಟಾಯ್ಲೆಟ್ ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು. ತುಂಬಿದ ಟ್ಯಾಂಕ್ ಖಾಲಿ ಮಾಡಲು ದಾರಿಯಲ್ಲಿ ಜಾಗವೇ ಇಲ್ಲದ ಮೇಲೆ ತುಂಬಿಸೋದೇ ಬೇಡ. ಇಡೀ ದಕ್ಷಿಣ ಭಾರತ ಸುತ್ತುವಾಗ ಅದರಲ್ಲಿ ನಮ್ಮ ಈರುಳ್ಳಿ ಚೀಲ ಪ್ರಯಾಣ ಮಾಡಿತು.

ಈಗ ಆ ಕ್ಯಾನಿಗೆ ಬರ್ತೀನಿ. ವಾಪಸ್ ಬರುವಾಗ ಕರಾವಳಿಯ 66ನೇ ಹೆದ್ದಾರಿ ಹಿಡಿದಿದ್ದೆವು. ಕುಮಟಾದಲ್ಲಿ ಡ್ರೈವರ್ ಡೀಸೆಲ್ ಹಾಕಿಸೋಣ ಅಂದ. ಭಾವ ಬೇಡ ಅಂದರು, ಗೋವಾದಲ್ಲಿ ಲೀಟರಿಗೆ ಎರಡು ಮೂರು ರೂಪಾಯಿ ಕಡಿಮೆ. ಅಂಕೋಲಾದಲ್ಲಿ ಹಳದಿ ದೀಪ ಹತ್ತಿತು. ಭಾವ ಎಸಿ ಆಫ್ ಮಾಡಿಸಿದರು. ಕಾರವಾರದಲ್ಲಿ ಬಲಕ್ಕೊಂದು ಬಂಕ್, ಮುಂದೆ ಎಡಕ್ಕೊಂದು. ಎರಡನ್ನೂ ಭಾವ, ಸಾಲ ಕೊಟ್ಟವರು ಎದುರು ಬಂದಾಗ ನೋಡುವ ಹಾಗೆ ಆ ಕಡೆ ಮುಖ ಮಾಡಿ ದಾಟಿಸಿದರು. ‘ಸಾಹೇಬ್, ಗಾಡಿ ಬಂದ್ ಪಡೇಲ್’ ಅಂತ ಡ್ರೈವರ್ ಮರಾಠಿಯಲ್ಲಿ ಗೋಗರೆದ. ‘ಇನ್ನೇನು ಗೋವಾದ ಪೋಳೆಂ ಬಂತು ಬಿಡಪ್ಪಾ’ ಅಂತ ಭಾವ ಕನ್ನಡದಲ್ಲೇ ಸಮಾಧಾನ ಹೇಳಿದರು. ಕಾಳಿ ನದಿ ದಾಟಿತು, ಸದಾಶಿವಗಡ ದಾಟಿತು. ಮಾಜಾಳಿಯ ಹತ್ತಿರ, ಗೋವಾದ ಗಡಿ ಇನ್ನೇನು ಕಾಣಬೇಕು ಅನ್ನುವಾಗ ಟೆಂಪೋ ಎರಡು ಸಲ ಕೆಮ್ಮಿ ನಿಂತಿತು.

ಬಿಸಿಲು ಅಂದರೆ ಕರಾವಳಿಯ ಮಧ್ಯಾಹ್ನದ ಬಿಸಿಲು. ಭಾವ ಬನಿಯನ್ನಿನಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡು, ಆಟೋ ಹತ್ತಿ ಅದೇ ಕಾರವಾರಕ್ಕೆ, ಮುಖ ತಿರುಗಿಸಿದ್ದ ಅದೇ ಬಂಕಿಗೆ ಹೋದರು. 150 ರೂಪಾಯಿಯ ಹೊಸ ಕ್ಯಾನ್, ಕರ್ನಾಟಕದ ದರದ ಡೀಸೆಲ್, ಆಟೋಗೆ ಹೋಗಿ ಬರುವ ಬಾಡಿಗೆ. ಪೂರ್ತಿ ಖಾಲಿಯಾದ ಡೀಸೆಲ್ ಗಾಡಿಯ ಪೈಪಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತೆ, ಎಣ್ಣೆ ಸುರಿದ ಕೂಡಲೇ ಹೊರಡಲ್ಲ. ಅದನ್ನು ಬಿಡಿಸಲು ಮೆಕ್ಯಾನಿಕ್, ಅವನಿಗೊಂದು ಚಾರ್ಜು. ಟ್ಯಾಂಕ್ ತುಂಬಿಸಿದ್ದರೂ ಉಳಿಯುತ್ತಿದ್ದದ್ದು ಹೆಚ್ಚೆಂದರೆ 200 ರೂಪಾಯಿ ಕಣ್ರೀ! ಭಾವ ಗಾಡಿ ಹತ್ತಿದವರೇ ಬೆವರು ಒರೆಸಿಕೊಳ್ಳದೆ ಫೋನ್ ತೆಗೆದು ಎಲ್ಲವನ್ನೂ ಬರೆದುಕೊಂಡರು. ತಲೆಬರಹ: ‘ಆಕಸ್ಮಿಕ ಖರ್ಚು’. ಎರಡೂ ಮನೆಗೆ ಸಮಪಾಲು.

ಹಾಳೆಯಲ್ಲಿ ಇನ್ನೊಂದು ಸಾಲಿದೆ. ಉಡುಪಿಯಲ್ಲಿ ಭಾವ ಅಕ್ಕನಿಗೆ ಅಂತ ಎರಡು ಚೆಂಡು ಶಂಕರಪುರ ಮಲ್ಲಿಗೆ ತಂದಿದ್ದರು. ಆ ಮಲ್ಲಿಗೆಗೆ ದಿನಕ್ಕೊಂದು ರೇಟು, ಅವತ್ತು ಮದುವೆಗಳ ದಿನ, ಸುಮ್ನೆ ಸಿಗುವಂಥದ್ದಲ್ಲ. ಒಂದಿಷ್ಟು ನನಗೂ ಮುರಿದು ಕೊಟ್ಟಳು. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಮಂಡಿ ನೋವಿನ ಅಕ್ಕ ಇಳಿಯಲಿಲ್ಲ. ಸೋಫಾ ಹಾಸಿಗೆಯಲ್ಲಿ ಕಾಲು ಚಾಚಿ, ಒಲೆಯಲ್ಲಿ ನಾನು ಕಾಯಿಸಿದ ಚಹಾ ಹಿಡಿದು, ಅಮ್ಮನ ಮನೆಯ ಹಿತ್ತಿಲ ಬಗ್ಗೆ ಮಾತಾಡುತ್ತಲೇ ಇದ್ದಳು. ಮದುವೆಯಾದ ಮೇಲೆ ನಾವಿಬ್ಬರೂ ಅಷ್ಟು ಹೊತ್ತು ಒಂದೇ ಕಡೆ ಕೂತಿದ್ದು ನನಗಂತೂ ನೆನಪಿಲ್ಲ. ಮಲ್ಲಿಗೆಯ ಸಾಲಿನಲ್ಲಿ ‘ಡೊಂಬಿವಲಿ’ ಅಂತ ಮಾತ್ರ ಇದೆ, ಪಾಲು ಹಾಕಿಲ್ಲ.

ಗಾಡಿ ವಾಪಸ್ ಕೊಡುವಾಗ ಬಾಡಿಗೆಯವನು ಡಿಪಾಸಿಟ್ಟಿನಲ್ಲಿ ಟಾಯ್ಲೆಟ್ ಕ್ಲೀನಿಂಗ್ ಅಂತ 1,500 ಹಿಡಿದುಕೊಂಡ. ಈರುಳ್ಳಿ ಸಿಪ್ಪೆ ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ನಮ್ಮವರು ಹೋಗಲಿ ಬಿಡಿ ಅಂದರು. ಭಾವ ಬಿಡಲಿಲ್ಲ. ಅವನನ್ನೇ ಒಳಗೆ ಕರೆದು, ಮುಚ್ಚಳ ತೆಗೆಸಿ, ಬಗ್ಗಿ ಮೂಸಿಸಿ, ಅಷ್ಟೂ ದುಡ್ಡು ವಾಪಸ್ ವಸೂಲಿ ಮಾಡಿದರು. ಜೀವನದಲ್ಲಿ ಮೊದಲ ಸಲ ಅವರ ಮೇಲೆ ನನಗೆ ಅಭಿಮಾನ ಉಕ್ಕಿತು.

ಮಾರನೇ ದಿನ ಹಾಳೆಯಲ್ಲಿ ಹೊಸ ಸಾಲು: ವಾದ ಮಾಡುವಾಗ ಕುಡಿದ ಕಬ್ಬಿನ ಹಾಲು, 40 ರೂಪಾಯಿ, ಅರ್ಧ ಪುಣೆಯವರದು.