ಕತ್ತಲೆಗೆ ಟಿಕೆಟ್, ಬೆಳಕಿಗೆ ಏಳು ಬಣ್ಣ

ಸುಣ್ಣಕಲ್ಲಿನ ಗುಹೆಯ ಆಸ್ತಿ ಅಂದರೆ ಮೂರೇ: ಕತ್ತಲೆ, ತೇವ, ಸದ್ದಿಲ್ಲದಿರುವಿಕೆ. ಜನ ದುಡ್ಡು ಕೊಟ್ಟು ಬರುವುದು ಇವುಗಳಿಗಾಗಿಯೇ ಎಂದು ಗೊತ್ತಾದ ತಕ್ಷಣ ಗುಹೆಯ ಆಡಳಿತ ಕೈಗೊಳ್ಳುವ ಮೊದಲ ಕ್ರಮ, ಮೂರನ್ನೂ ಒಕ್ಕಲೆಬ್ಬಿಸುವುದು. ಬಲ್ಬು ಬಂತು, ಕತ್ತಲೆ ಹೋಯಿತು. ಬಾಗಿಲು ಅಗಲವಾಯಿತು, ತೇವ ಹೋಯಿತು. ಸ್ಪೀಕರ್ ಬಂತು. ಉಳಿದದ್ದನ್ನು ಪ್ರಕೃತಿಯ ವಿಸ್ಮಯ ಎಂದು ಫಲಕ ಹಾಕಿದರಾಯಿತು.

ಕಲ್ಲಿಗೆ ತನ್ನದೇ ಬಣ್ಣವಿದೆ. ಸುಣ್ಣಕಲ್ಲಿನ ಮೂಲ ಖನಿಜವಾದ ಕ್ಯಾಲ್ಸೈಟ್ ಶುದ್ಧವಾಗಿದ್ದರೆ ಬಿಳಿ, ಕಬ್ಬಿಣದ ಆಕ್ಸೈಡ್ ಸೇರಿದರೆ ಕೆಂಪು, ಮ್ಯಾಂಗನೀಸ್ ಸೇರಿದರೆ ಕಪ್ಪು. ಸಾವಿರಾರು ವರ್ಷ ಕೂತು ಇಷ್ಟೇ ಬಣ್ಣ ಮಾಡಿಕೊಂಡ ಕಲ್ಲಿನ ಸೋಮಾರಿತನಕ್ಕೆ ಮರುಗಿ ನೇರಳೆ, ಗಿಣಿಹಸಿರು, ಗುಲಾಬಿ ಬಲ್ಬುಗಳನ್ನು ಅದರ ಬುಡದಲ್ಲೇ ಇಡುತ್ತಾರೆ. ಕೆಲವೇ ತಿಂಗಳಲ್ಲಿ ಬಲ್ಬು ಆರಿಸಿದರೂ ಹಸಿರು ಹೋಗುವುದಿಲ್ಲ. ಪ್ರವಾಸಿಗರ ಬಟ್ಟೆ, ಬೂಟು, ಒಳನುಗ್ಗುವ ಗಾಳಿ ಮತ್ತು ನೀರಿನ ಜೊತೆ ಬಂದ ಬೀಜಾಣುಗಳಿಗೆ ಬೇಕಿದ್ದದ್ದು ಬೆಳಕೊಂದೇ. ಅದೂ ಸಿಕ್ಕ ಮೇಲೆ ಮೊದಲು ಪಾಚಿ, ಹಿಂದೆಯೇ ಹಾವಸೆ, ಬಲ್ಬಿಗೆ ತೀರ ಹತ್ತಿರವಾದಲ್ಲಿ ಜರೀಗಿಡ. ತಜ್ಞರು ಇದನ್ನು ಲ್ಯಾಂಪನ್‌ಫ್ಲೋರಾ ಎನ್ನುತ್ತಾರೆ, ಪ್ರವಾಸಿಗರು ಹಿನ್ನೆಲೆ ಚೆನ್ನಾಗಿದೆ ಎನ್ನುತ್ತಾರೆ.

ಆಮೇಲೆ ಬ್ಲೀಚ್. ಸೋಡಿಯಂ ಹೈಪೋಕ್ಲೋರೈಟ್ ಸಿಂಪಡಿಸಿದರೆ ಪಾಚಿ ಸಾಯುತ್ತದೆ, ಜೊತೆಗೆ ಗುಹೆಯ ಮೂಲನಿವಾಸಿ ಸೂಕ್ಷ್ಮಜೀವಿಗಳೂ ಹುಳುಗಳೂ ಸಾಯುತ್ತವೆ, ಒಳಗೆಲ್ಲ ಈಜುಕೊಳದ ವಾಸನೆ. ಹೈಡ್ರೋಜನ್ ಪೆರಾಕ್ಸೈಡ್ ಬಳಸುವುದು ಇದಕ್ಕಿಂತ ವಾಸಿ. ಆದರೆ ಅದು ತುಸು ಆಮ್ಲೀಯ, ಹಾಗೇ ಹೊಡೆದರೆ ಕಲ್ಲನ್ನೇ ಸವೆಸುತ್ತದೆ. ಅದಕ್ಕೇ ಬಲ್ಲವರು ಸುಣ್ಣಕಲ್ಲಿನ ಚೂರುಗಳನ್ನು ಮೊದಲೇ ದ್ರಾವಣದಲ್ಲಿ ನೆನೆಹಾಕಿ ಅದರ ಹಸಿವು ತೀರಿಸಿ ಬಳಸುತ್ತಾರೆ. ಇಷ್ಟೆಲ್ಲ ರಗಳೆ ಬೇಡವೆಂದರೆ ಮಂದ ಎಲ್‌ಇಡಿಯನ್ನು ಕಲ್ಲಿನಿಂದ ದೂರವಿಟ್ಟು, ಜನ ಬಂದಾಗ ಮಾತ್ರ ಉರಿಯುವಂತೆ ಸೆನ್ಸರ್ ಜೋಡಿಸಿದರೆ ಸಾಕು. ಆದರೆ ಸೆನ್ಸರ್ ಉದ್ಘಾಟನೆಗೆ ಯಾವ ಮಂತ್ರಿ ಬರುತ್ತಾರೆ?

ಇನ್ನು ಉಸಿರಾಟ. ಮಣ್ಣಿನಲ್ಲಿ ಇಂಗಿದ ಮಳೆನೀರು ಕಾರ್ಬನ್ ಡೈಆಕ್ಸೈಡ್ ಹೀರಿ ಸುಣ್ಣಕಲ್ಲನ್ನು ಕರಗಿಸಿಕೊಂಡು ಇಳಿಯುತ್ತದೆ. ಗುಹೆಯ ಗಾಳಿಯಲ್ಲಿ ಆ ಅನಿಲ ಕಡಿಮೆ ಇರುವುದರಿಂದ ಹನಿ ಅದನ್ನು ಬಿಟ್ಟುಕೊಡುತ್ತದೆ, ಕ್ಯಾಲ್ಸೈಟ್ ಕಲ್ಲಿಗೆ ಅಂಟಿಕೊಳ್ಳುತ್ತದೆ. ಚಾವಣಿಯಿಂದ ಇಳಿಬೀಳುವ ಕಲ್ಲಿನ ಕೋಲು, ಅಂದರೆ ಸ್ಟ್ಯಾಲಕ್ಟೈಟ್, ಬೆಳೆಯುವುದು ಹೀಗೆ, ಸಾಮಾನ್ಯವಾಗಿ ವರ್ಷಕ್ಕೆ 0.1 ಮಿಲಿಮೀಟರ್ ಆಸುಪಾಸು. ನಾವು ಬಿಡುವ ಉಸಿರಿನಲ್ಲಿ ಆ ಅನಿಲ ಸುಮಾರು ಶೇಕಡಾ 4, ಹೊರಗಿನ ಗಾಳಿಯಲ್ಲಿರುವುದರ ನೂರು ಪಟ್ಟು ಹತ್ತಿರ. ಕಿಕ್ಕಿರಿದ ಕೋಣೆಯಲ್ಲಿ ಅದು ಮಿತಿ ಮೀರಿದರೆ ಲೆಕ್ಕ ತಿರುಗುಮುರುಗಾಗಿ, ತಣ್ಣನೆ ಗೋಡೆಗೆ ಕೂತ ನಮ್ಮ ಉಸಿರಿನ ಹಬೆಯೇ ಕಲ್ಲನ್ನು ಕರಗಿಸತೊಡಗುತ್ತದೆ. ನ್ಯೂಜಿಲೆಂಡಿನ ವೈಟೊಮೊ ಗುಹೆಯವರು ಹತ್ತು ಲಕ್ಷಕ್ಕೆ 2400 ಪಾಲು ಎಂದು ಮಿತಿ ಹಾಕಿಕೊಂಡು ಅಳೆಯುತ್ತಾರೆ. ಉಳಿದ ಎಷ್ಟೋ ಕಡೆ ಅಳೆಯುವುದು ಟಿಕೆಟ್ ಮಾತ್ರ.

ಫ್ರಾನ್ಸಿನ ಲಾಸ್ಕೊದಲ್ಲಿ ಆದದ್ದು ಇದೇ. 1940ರಲ್ಲಿ ಸಿಕ್ಕ ಆದಿಮಾನವರ ಚಿತ್ರಗಳ ಗುಹೆಯನ್ನು 1948ರಲ್ಲಿ ಜನರಿಗೆ ತೆರೆದರು. ದಿನಕ್ಕೆ ಸಾವಿರ ದಾಟಿ ಜನ ನುಗ್ಗಿ, ಉಸಿರಾಡಿ, ಗೋಡೆಗೆ ಪಾಚಿ ಹಿಡಿಸಿ 1963ರಲ್ಲಿ ಬಾಗಿಲು ಹಾಕಿಸಿದರು. ಹದಿನೇಳು ಸಾವಿರ ವರ್ಷ ತಾಳಿದ್ದ ಚಿತ್ರಗಳು ಹದಿನೈದು ವರ್ಷದ ಮೆಚ್ಚುಗೆಯನ್ನು ತಾಳಲಿಲ್ಲ. 1983ರಿಂದ ಜನ ನೋಡುತ್ತಿರುವುದು ನಕಲು ಗುಹೆ. ಅಲ್ಲಿಯೂ ಸಾಲು ಉದ್ದವೇ ಇರುತ್ತದೆ.

ಕಲ್ಲು ತನ್ನಷ್ಟಕ್ಕೆ ಕಲ್ಲಾಗಿರಲು ಪ್ರದರ್ಶನದ ಗುಹೆಯಲ್ಲಿ ಅವಕಾಶವೇ ಇಲ್ಲ. ಗೈಡ್ ಟಾರ್ಚ್ ಬಿಟ್ಟಲ್ಲೆಲ್ಲ ಆನೆ, ಸಿಂಹ, ಋಷಿ, ಪರದೆ, ಕೇಕು. ಕಾಣುವುದಿಲ್ಲ ಎಂದರೆ ತಲೆ ಓರೆ ಮಾಡಿ ನೋಡಿ ಎಂಬ ಸೂಚನೆ. ಅಷ್ಟಕ್ಕೂ ಕಾಣದಿದ್ದರೆ ತಪ್ಪು ನಿಮ್ಮ ಕತ್ತಿನದು. ಗೈಡನ್ನು ಬೈದು ಪ್ರಯೋಜನವಿಲ್ಲ. ಆನೆ ತೋರಿಸದ ಗೈಡಿಗೆ ಟಿಪ್ಸ್ ಯಾರು ಕೊಡುತ್ತಾರೆ? ಹಾಡೂ ಬೇಕಾದವರು ಅಮೆರಿಕದ ಲೂರೇ ಗುಹೆಗೆ ಹೋಗಬಹುದು. ಅಲ್ಲಿ 1956ರಲ್ಲಿ ಲೇಲಂಡ್ ಸ್ಪ್ರಿಂಕಲ್ ಎಂಬವರು 37 ಸ್ಟ್ಯಾಲಕ್ಟೈಟ್‌ಗಳಿಗೆ ರಬ್ಬರ್ ಸುತ್ತಿಗೆ ಜೋಡಿಸಿ ವಾದ್ಯ ಮಾಡಿದರು. ಶ್ರುತಿ ಸೇರದ ಕಲ್ಲುಗಳನ್ನು ಉಜ್ಜಿ ಸರಿಪಡಿಸಿದರು. ಅಷ್ಟು ಕಾಲ ಗುಹೆ ಅಪಸ್ವರದಲ್ಲೇ ಇತ್ತು, ಪಾಪ.

‘ಮುಟ್ಟಬೇಡಿ’ ಫಲಕವನ್ನು ಎಲ್ಲರೂ ಓದುತ್ತಾರೆ, ಫಲಕಕ್ಕೆ ಕೈಯೂರಿಕೊಂಡು. ನಂತರ ಆ ಕೈ ಕಲ್ಲಿಗೆ. ಚರ್ಮದ ಎಣ್ಣೆ ಮೆತ್ತಿದ ಕಡೆ ನೀರು ಸರಿಯಾಗಿ ಹರಡುವುದಿಲ್ಲ, ಕ್ಯಾಲ್ಸೈಟ್ ಹಿಡಿಯುವುದಿಲ್ಲ, ಕೊಳೆ ಮಾತ್ರ ಹಿಡಿದು ಕಪ್ಪಗೆ ಹೊಳೆಯುತ್ತದೆ. ಮುಟ್ಟದವರದ್ದೂ ಕಾಣಿಕೆಯಿದೆ: ಉದುರುವ ಕೂದಲು, ಚರ್ಮದ ಹೊಟ್ಟು, ಬಟ್ಟೆಯ ನೂಲು. ಅಮೆರಿಕದ ಕಾರ್ಲ್ಸ್‌ಬಾಡ್ ಗುಹೆಯಲ್ಲಿ ಸ್ವಯಂಸೇವಕರು ಕುಂಚ, ಚಿಮುಟ ಹಿಡಿದು ಕಲ್ಲಿನ ಮೇಲಿನ ಇಂಥ ಧೂಳನ್ನು ಹೆಕ್ಕುತ್ತಾರೆ. ಅಲ್ಲೇ 2024ರಲ್ಲಿ ಯಾರೋ ಬೀಳಿಸಿದ ಕುರುಕುಲಿನ ಪೊಟ್ಟಣ ತೇವಕ್ಕೆ ಮೆತ್ತಗಾಗಿ ಬೂಸಲು ಬೆಳೆಸಿ ಪ್ರಪಂಚದ ಸುದ್ದಿಯಾಯಿತು.

ಕೊನೆಯ ಕೋಣೆಯಲ್ಲಿ ಗೈಡ್ ದೀಪ ಆರಿಸಿ ನಿಜವಾದ ಕತ್ತಲೆ ತೋರಿಸುವ ಶಾಸ್ತ್ರವಿದೆ. ಒಂದು ನಿಮಿಷದ ಆ ಕತ್ತಲೆಯನ್ನು ನಲವತ್ತು ಮೊಬೈಲುಗಳು ಫ್ಲ್ಯಾಶ್ ಹಾಕಿ ಸೆರೆಹಿಡಿಯುತ್ತವೆ. ಮೊಬೈಲ್ ಫ್ಲ್ಯಾಶ್ ಹೋಗುವುದು ಮೂರ್ನಾಲ್ಕು ಮೀಟರ್. ತೇವಾಂಶ ನೂರರ ಹತ್ತಿರವಿರುವ ಗಾಳಿಯಲ್ಲಿ ಅದು ಬೆಳಗುವುದು ಲೆನ್ಸ್ ಮುಂದೆ ತೇಲುವ ಹನಿಗಳನ್ನು. ಬಿಳಿ ಚುಕ್ಕೆಗಳ ಆ ಚಿತ್ರ ಸಂಜೆಗೆ ‘ಗುಹೆಯಲ್ಲಿ ಆತ್ಮಗಳು’ ಎಂದು ಹರಿದಾಡುತ್ತದೆ. ಫ್ಲ್ಯಾಶ್ ಆರಿಸಿ, ಕಟಕಟೆಗೆ ಮೊಣಕೈ ಊರಿ, ನೈಟ್ ಮೋಡ್‌ನಲ್ಲಿ ತೆಗೆದರೆ ಕಲ್ಲೇ ಬರುತ್ತದೆ. ಆದರೆ ಕಲ್ಲಿಗೆ ಲೈಕ್ ಕಡಿಮೆ.

ಅರಿಜೋನಾದ ಕಾರ್ಟ್ಶ್ನರ್ ಗುಹೆಯದು ಮಾತ್ರ ವಿಪರೀತ ಬುದ್ಧಿ. 1974ರಲ್ಲಿ ಕಂಡುಹಿಡಿದ ಇಬ್ಬರು 14 ವರ್ಷ ಊರಿಗೆ ಸುಳಿವು ಬಿಡಲಿಲ್ಲ. 1999ರಲ್ಲಿ ತೆರೆದಾಗಲೂ ತೇವ ಹೊರಹೋಗದಂತೆ ಒಂದರ ಹಿಂದೊಂದು ಬಾಗಿಲು, ಬಟ್ಟೆಯ ನೂಲು ಹಾರದಂತೆ ಮೈಮೇಲೆ ನೀರಿನ ತುಂತುರು. ಬಣ್ಣದ ಬಲ್ಬಿನ ಗುತ್ತಿಗೆದಾರರ ಹೊಟ್ಟೆಯ ಮೇಲೆ ಹೊಡೆದಂತೆ.

ಮುಟ್ಟಲೇಬೇಕು, ಮುರಿದು ಮನೆಗೆ ಒಯ್ಯಲೇಬೇಕು ಎಂಬ ಹಟದವರಿಗೆ ಟಿಕೆಟ್ಟಿಲ್ಲದ ದಾರಿಯೊಂದಿದೆ. ಹಳೆಯ ಕಾಂಕ್ರೀಟ್ ಪಾರ್ಕಿಂಗ್‌ನ ಸೋರುವ ಚಾವಣಿಯಲ್ಲೂ ಇಂಥದೇ ಬಿಳಿ ಕೊಳವೆಗಳು ಇಳಿಬೀಳುತ್ತವೆ. ಅಲ್ಲಿನ ರಸಾಯನ ಬೇರೆ, ಅವಸರದ್ದು. ದಿನಕ್ಕೆ 2 ಮಿಲಿಮೀಟರ್‌ವರೆಗೂ ಬೆಳೆದದ್ದನ್ನು ಅಳೆದಿದ್ದಾರೆ. ಎಷ್ಟು ಬೇಕಾದರೂ ಮುರಿದುಕೊಳ್ಳಿ. ಕಾರನ್ನು ಮಾತ್ರ ಕೆಳಗೆ ನಿಲ್ಲಿಸಬೇಡಿ. ಆ ತೊಟ್ಟಿನ ಕ್ಷಾರಕ್ಕೆ ಬಣ್ಣ ಕಿತ್ತುಬರುತ್ತದೆ, ಅಲ್ಲಿ ‘ಮುಟ್ಟಬೇಡಿ’ ಫಲಕ ಯಾರೂ ಹಾಕಿರುವುದಿಲ್ಲ.