ಕರೆಂಟು ಹೋದಾಗಿನ ಆತುರ

ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಅಡ್ಯನಡ್ಕದ ಗಡಿ ದಾಟಿದರೆ ಕರ್ನಾಟಕದ ವಿಟ್ಲ ಸೀಮೆ. ಮಳೆ, ಅಡಿಕೆ ತೋಟ, ಗಾಳಿಗೆ ಮರ ಬಿದ್ದು ತುಂಡಾಗುವ ತಂತಿ ಎರಡೂ ಕಡೆ ಒಂದೇ. ಆದರೆ ಕರೆಂಟು ಹೋದಾಗ ಜನರು ನಡೆದುಕೊಳ್ಳುವ ರೀತಿ ನಾನು ಕಂಡ ಮಟ್ಟಿಗೆ ಒಂದೇ ಅಲ್ಲ.

ನಮ್ಮ ಕಡೆ, ಅಂದರೆ ಕೇರಳದಲ್ಲಿ, ಮಳೆಗಾಲಕ್ಕೆ ಮೊದಲೇ ತಂತಿಗೆ ತಾಗುವ ಕೊಂಬೆಗಳನ್ನು ಕಡಿಯುವ ‘ಟಚ್ಚಿಂಗ್’ ಕೆಲಸ ನಡೆಯುತ್ತದೆ. ಅದಕ್ಕಾಗಿ ಹಗಲಿಡೀ ಕರೆಂಟು ತೆಗೆದರೂ ಜನ ಗೊಣಗುತ್ತಲೇ ಸಹಿಸಿಕೊಳ್ಳುತ್ತಾರೆ. ವಿಟ್ಲದ ಕಡೆಯ ನಮ್ಮ ಭಾವನವರಿಗೆ ಇಂತಹ ತಾಳ್ಮೆಯಿಲ್ಲ. “ಲೈನ್‌ಮ್ಯಾನ್ ಬರುವಷ್ಟರಲ್ಲಿ ಬೆಳಗಾಗುತ್ತದೆ” ಎನ್ನುತ್ತ ದೋಟಿ ಹಿಡಿದು ತಂತಿಯ ಮೇಲಿನ ಸೋಗೆಯನ್ನು ಎಳೆಯಲು ಅವರೇ ಹೊರಡುತ್ತಾರೆ. ಸ್ವಂತ ಕೈಯಿಂದ ಕೆಲಸ ಪೂರೈಸುವ ಹಳ್ಳಿಯವರ ಛಲ ಮೆಚ್ಚತಕ್ಕದ್ದೇ, ಆದರೆ ತಂತಿಯ ವಿಷಯದಲ್ಲಿ ಮಾತ್ರ ನಾನು ಅದನ್ನು ಒಪ್ಪಲಾರೆ. ಈಗಿನ ದೋಟಿಗಳಲ್ಲಿ ಅಲ್ಯೂಮಿನಿಯಂನದ್ದೇ ಹೆಚ್ಚು. ಇನ್ನು ಬಿದಿರಿನದ್ದಾದರೂ ಮಳೆಯಲ್ಲಿ ನೆನೆದ ಮೇಲೆ ನಂಬುವಂತಿಲ್ಲ. ಕಡಿದು ಬಿದ್ದ ತಂತಿಯಲ್ಲಿ ಕರೆಂಟು ಇಲ್ಲವೆಂದು ತೋರಿದರೂ, ಸಬ್‌ಸ್ಟೇಷನ್ನಿನಿಂದ ಲೈನನ್ನು ಮತ್ತೊಮ್ಮೆ ಚಾಲೂ ಮಾಡಿದ ಕ್ಷಣದಲ್ಲಿ ಅದು ಜೀವ ತೆಗೆಯಬಲ್ಲದು. ಸುತ್ತಲಿನ ಒದ್ದೆ ನೆಲವೂ ಅಷ್ಟೇ ಅಪಾಯಕಾರಿ.

ಇದಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವುದು ಜನರೇಟರ್. ಗಡಿಯ ಎರಡೂ ಕಡೆ ಈಗ ತೋಟದ ಮನೆಗಳಲ್ಲಿ ಅದು ಬಂದು ಕುಳಿತಿದೆ. ಮನೆಯನ್ನು ಲೈನಿಗೆ ಇಲ್ಲವೇ ಜನರೇಟರಿಗೆ, ಒಮ್ಮೆಗೆ ಒಂದಕ್ಕೆ ಮಾತ್ರ ಜೋಡಿಸುವ ಚೇಂಜ್‌ಓವರ್ ಸ್ವಿಚ್ಚಿನ ಖರ್ಚು ಉಳಿಸಲು, ಎರಡೂ ತುದಿಗೆ ಪ್ಲಗ್ ಇರುವ ವೈರನ್ನು ಜನರೇಟರಿನಿಂದ ಮನೆಯ ಸಾಕೆಟ್ಟಿಗೆ ಚುಚ್ಚಿದರೆ ದೀಪ ಉರಿಯುತ್ತದೆ, ನಿಜ. ಆದರೆ ಮೇನ್ ಸ್ವಿಚ್ ಆಫ್ ಆಗಿರದಿದ್ದರೆ ಆ ಕರೆಂಟು ಸರ್ವಿಸ್ ವೈರಿನ ಮೂಲಕ ಹೊರಗೆ ಹರಿಯುತ್ತದೆ. ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು ಮನೆಯ 230ಕ್ಕೆ ಇಳಿಸುವ ಹಾಗೆಯೇ, ಹಿಂದಿನಿಂದ ಬಂದ 230ನ್ನು ಮರಳಿ 11,000ಕ್ಕೆ ಏರಿಸಲೂ ಬಲ್ಲದು. ಲೈನ್ ಆಫ್ ಆಗಿದೆಯೆಂದು ನಂಬಿ ಕಂಬದ ಮೇಲೆ ಕೈ ಹಾಕಿದ ಲೈನ್‌ಮ್ಯಾನ್‌ಗೆ ಈ ದಾರಿಯಿಂದ ಸಾವು ಬರಬಹುದೆಂದು ಎಷ್ಟು ಮನೆಯವರಿಗೆ ಗೊತ್ತು? ಜನರೇಟರನ್ನು ಮಳೆಗೆ ನೆನೆಯದಿರಲೆಂದು ಚಾವಡಿಯೊಳಗೆ ಇಡುವುದೂ ತಪ್ಪು. ಅದರ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ನಮ್ಮ ಕಡೆಯದೇ ಶಿಸ್ತೆಂದು ಬೀಗುವುದಕ್ಕೆ ನನಗೆ ಒಂದು ಅಡ್ಡಿಯಿದೆ. ಮೊಬೈಲಿಗೆ ಬರುವ ಮುನ್ನೆಚ್ಚರಿಕೆಗಳು ಬಹುಮಟ್ಟಿಗೆ ಮಲಯಾಳದಲ್ಲಿರುತ್ತವೆ. ಕನ್ನಡವನ್ನಷ್ಟೇ ಓದಬಲ್ಲ ನಮ್ಮ ಮನೆಯ ಹಿರಿಯರಿಗೆ ಅವು ತಲುಪುವುದು ಮೊಮ್ಮಕ್ಕಳ ಬಾಯಿಂದ, ಅದೂ ಅವರು ಮನೆಯಲ್ಲಿದ್ದರೆ. ಭಾಷಾ ಅಲ್ಪಸಂಖ್ಯಾತರ ಪ್ರದೇಶದಲ್ಲಿ ಅರ್ಜಿ ನಮೂನೆಗಳು ಕನ್ನಡದಲ್ಲಿರಬೇಕೆಂದು ನಾವು ಕೇಳುತ್ತ ಬಂದಿದ್ದೇವೆ. ಅದಕ್ಕಿಂತ ಮೊದಲು ಕೇಳಬೇಕಾದದ್ದು ತಂತಿ ಬಿದ್ದಾಗಿನ ಎಚ್ಚರಿಕೆಯನ್ನು.

ಅಲ್ಲಿಯವರೆಗೆ ಗಡಿಯ ಎರಡೂ ಬದಿಯವರಿಗೆ 1912 ಎಂಬ ದೂರಿನ ಸಂಖ್ಯೆಯಂತೂ ಒಂದೇ ಇದೆ. ಬಿದ್ದ ತಂತಿಯ ಬಳಿ ಯಾರನ್ನೂ, ದನಕರುಗಳನ್ನೂ ಬಿಡದೆ, ದೂರದಲ್ಲೇ ನಿಂತು, ಹತ್ತಿರದ ಕಂಬದ ಮೇಲೆ ಬರೆದ ಸಂಖ್ಯೆ ಕಂಡರೆ ಅದನ್ನೂ ಸೇರಿಸಿ ತಿಳಿಸಿದರೆ, ಲೈನ್‌ಮ್ಯಾನ್ ಕತ್ತಲಲ್ಲಿ ಗುಡ್ಡವಿಡೀ ಹುಡುಕಬೇಕಾಗುವುದಿಲ್ಲ.